ಸುಣ್ಣಕಲ್ಲಿನ ಬೆಟ್ಟದಲ್ಲಿ ಸುರಂಗ: ನೀರು ಒಮ್ಮೆಲೇ ನುಗ್ಗುವುದು ಯಾಕೆ?

ಸುರಂಗ ಕೊರೆಯುವಾಗ ನೀರು ನುಗ್ಗಿ ಜನ ಸತ್ತರೆ ಅದನ್ನು ಪ್ರಕೃತಿ ವಿಕೋಪ ಅಂದುಬಿಡುತ್ತಾರೆ. ಅರ್ಧ ಮಾತ್ರ ನಿಜ.

ಮಳೆನೀರು ಗಾಳಿ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿ ಸ್ವಲ್ಪ ಹುಳಿಯಾಗುತ್ತದೆ. ಅದು ಬಿರುಕುಗಳಲ್ಲಿ ಇಳಿದು, ಸಾವಿರಾರು ವರ್ಷ ಸುಣ್ಣಕಲ್ಲನ್ನು ಕರಗಿಸಿ, ಬೆಟ್ಟದೊಳಗೆ ಗವಿಗಳನ್ನೂ ನದಿಗಳನ್ನೂ ಮಾಡಿಬಿಡುತ್ತದೆ. ಇದೇ ಕಾರ್ಸ್ಟ್. ಗವಿ ಖಾಲಿ ಇದ್ದರೆ ಅಪಾಯ ಕಡಿಮೆ. ಆದರೆ ನೀರು, ಕೆಸರು ತುಂಬಿಕೊಂಡು ಮೇಲೆ 300 ಮೀಟರ್ ಎತ್ತರಕ್ಕೆ ನೀರು ನಿಂತಿದ್ದರೆ ಪ್ರತಿ ಚದರ ಮೀಟರ್ ಮೇಲೆ 300 ಟನ್ ಭಾರ ಬೀಳುತ್ತದೆ. ಅಗೆದಂತೆಲ್ಲ ಸುರಂಗಕ್ಕೂ ಗವಿಗೂ ನಡುವಿನ ಕಲ್ಲು ತೆಳ್ಳಗಾಗುತ್ತದೆ, ಕೊನೆಗೆ ಒಡೆಯುತ್ತದೆ.

ಇದೇನೂ ಹೊಸದಲ್ಲ. 1912ರ ಕೊನೆಯಲ್ಲಿ ಫ್ರಾನ್ಸ್-ಸ್ವಿಟ್ಜರ್ಲೆಂಡ್ ಗಡಿಯ ಮೋಂ ದೋರ್ ಸುರಂಗಕ್ಕೆ ನೀರು ನುಗ್ಗಿತು, ಹತ್ತಿರದ ಊಟೆ (ನೆಲದಿಂದ ಚಿಮ್ಮುವ ನೀರಿನ ಒರತೆ) ಬತ್ತಿತು. 1970ರಲ್ಲಿ ಇಟಲಿಯ ಗ್ರಾನ್ ಸಾಸ್ಸೊದಲ್ಲೂ ನೀರು ನುಗ್ಗಿತು, ಬೆಟ್ಟದೊಳಗಿನ ನೀರಿನ ಮಟ್ಟ ನೂರಾರು ಮೀಟರ್ ಇಳಿಯಿತು.

ಈ ವಿಷಯದಲ್ಲಿ ಜಾಸ್ತಿ ಕಲಿಸಿದ್ದು ಚೀನಾದ ಯಿಚಾಂಗ್-ವಾನ್‌ಝೌ ರೈಲು ಮಾರ್ಗ. 1909ರಲ್ಲಿ ಶುರುವಾಗಿ ನಿಂತುಹೋದ ಹಾದಿ ಅದು. 2003ರಲ್ಲಿ ಮತ್ತೆ ಕೈಹಾಕಿದಾಗ 377 ಕಿಲೋಮೀಟರಿನಲ್ಲಿ ಮುಕ್ಕಾಲು ಭಾಗ ಬರೀ ಸೇತುವೆ, ಸುರಂಗ. 2006ರ ಜನವರಿಯಲ್ಲಿ ಮಾಲುಚಿಂಗ್ ಸುರಂಗದಲ್ಲಿ ನೀರು ನುಗ್ಗಿತು. ಮಳೆಗಾಲವಲ್ಲ, ಗಮನಿಸಿ. ಗವಿ ತನ್ನ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳಬಲ್ಲದು. 2007ರ ಆಗಸ್ಟ್‌ನಲ್ಲಿ ಯೆಸಾನ್‌ಗುವಾನ್ ಸುರಂಗದ ಸರದಿ, ಆಗ ಒಳಗಿದ್ದವರಲ್ಲಿ 10 ಮಂದಿ ಬದುಕಿ ಬರಲಿಲ್ಲ.

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ಮುಂದೆ ಗವಿ ಇದೆಯೇ ಅಂತ ನೋಡಲು ರಡಾರ್, ಭೂಕಂಪನ ಅಲೆಗಳ ಪರೀಕ್ಷೆ ಮೊದಲೇ ಇತ್ತು, ಆದರೆ ಅವು ಅನುಮಾನವನ್ನಷ್ಟೇ ತೋರಿಸುತ್ತವೆ, ಖಚಿತವಾಗಿ ಹೇಳುವುದು ಮುಂದಕ್ಕೆ ಕೊರೆದ ಉದ್ದನೆಯ ತೂತು ಮಾತ್ರ. ನೀರಿನ ಒತ್ತಡ ಜೋರಾಗಿದ್ದ ಕಡೆ ಹೊಸ ಉಪಾಯ ಮಾಡಿದರು. ಮಳೆ ಕಡಿಮೆಯಾಗುವ ತನಕ ಕಾಯ್ದು, ಎಲ್ಲರನ್ನೂ ಹೊರಗೆ ಕಳಿಸಿ, ಗವಿಯನ್ನು ತಾವೇ ಒಡೆದು ನೀರು-ಕೆಸರು ಹರಿದುಹೋಗಲು ಬಿಟ್ಟರು. ಒತ್ತಡ ಇಳಿದ ಮೇಲೆ ಅಗೆಯುವುದು. 2010ರ ಡಿಸೆಂಬರ್‌ನಲ್ಲಿ ರೈಲು ಓಡಿತು.

ಇಲ್ಲಿ ನಿಜವಾದ ಖರ್ಚು ಯಂತ್ರದ್ದಲ್ಲ, ದಿನಗಳದ್ದು. ಪ್ರತಿ ತೂತಿಗೂ ಅಗೆತ ನಿಲ್ಲಬೇಕು. ಮುಗಿಸುವ ದಿನಾಂಕವನ್ನು ಮೊದಲೇ ಬಿಗಿಯಾಗಿ ಕಟ್ಟಿಟ್ಟರೆ ಎಲ್ಲಕ್ಕಿಂತ ಮುಂಚೆ ಕತ್ತರಿ ಬೀಳುವುದು ಈ ತೂತುಗಳಿಗೇ, ಅಲ್ವಾ?

ಇನ್ನೊಂದು ತೊಡಕು ಇನ್ನೂ ಬಗೆಹರಿದಿಲ್ಲ. ನೀರು ಹರಿಯಬಿಟ್ಟರೆ ಕಾರ್ಮಿಕರು ಉಳಿಯುತ್ತಾರೆ, ಆದರೆ ಮೇಲಿನ ಊರಿನ ಊಟೆ ಬತ್ತಬಹುದು. ಅದಕ್ಕೇ ಈಗ ಕಲ್ಲಿನ ಬಿರುಕುಗಳಿಗೆ ಸಿಮೆಂಟ್ ಗ್ರೌಟ್ (ತೆಳ್ಳನೆಯ ಗಾರೆ) ತುಂಬಿ, ಒಂದು ಮಿತಿಯಷ್ಟು ನೀರನ್ನು ಮಾತ್ರ ಹೊರಗೆ ಬಿಡುವ ಪದ್ಧತಿ ಬಂದಿದೆ. ಅಗೆಯುವ ಮೊದಲೇ ಊಟೆಗಳ ಹರಿವನ್ನು ಒಂದು ವರ್ಷವಾದರೂ ಅಳೆದಿಟ್ಟಿರಬೇಕು. ಇಲ್ಲದಿದ್ದರೆ ಊಟೆ ಬತ್ತಿದ್ದು ಸುರಂಗದಿಂದಲೋ ಬರಗಾಲದಿಂದಲೋ ಅಂತ ಊರಿನವರು ತೋರಿಸುವುದು ಹೇಗೆ?