169.254 ಎಂಬ ವಿಳಾಸ ಕೊಟ್ಟವರು ಯಾರು?

ಪ್ರಶ್ನೆ: ಲ್ಯಾಪ್‌ಟಾಪ್ ವೈಫೈಗೆ ಸೇರಿಕೊಂಡಿದೆ, ಇಂಟರ್ನೆಟ್ ಮಾತ್ರ ಬರುತ್ತಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಐಪಿ ವಿಳಾಸ 169.254 ಎಂದು ಆರಂಭವಾಗುತ್ತಿದೆ. ನಾನು ಅದನ್ನು ತುಂಬಿಸಿಲ್ಲ. ಎಲ್ಲಿಂದ ಬಂತು?

ಉತ್ತರ: ಯಾರೂ ಕೊಟ್ಟದ್ದಲ್ಲ. ಕೇಳಿ ಕೇಳಿ ಉತ್ತರ ಸಿಗದೆ ನಿಮ್ಮ ಲ್ಯಾಪ್‌ಟಾಪ್ ತಾನೇ ಇಟ್ಟುಕೊಂಡದ್ದು.

ಜಾಲಕ್ಕೆ ಹೊಸದಾಗಿ ಬಂದ ಸಾಧನದ ಸ್ಥಿತಿ ವಿಚಿತ್ರವಾದದ್ದು. ಅದಕ್ಕೆ ತನ್ನ ವಿಳಾಸವೂ ತಿಳಿದಿಲ್ಲ, ವಿಳಾಸ ಕೊಡುವವರು ಎಲ್ಲಿದ್ದಾರೆಂಬುದೂ ತಿಳಿದಿಲ್ಲ. ಹಾಗಾಗಿ ಕಳುಹಿಸುವವರ ಜಾಗದಲ್ಲಿ 0.0.0.0 ಎಂದು ಬರೆದು, 255.255.255.255ಕ್ಕೆ, ಅಂದರೆ ಆ ಜಾಲದಲ್ಲಿರುವ ಎಲ್ಲರಿಗೂ ಕೇಳುವಂತೆ, ಕೂಗು ಹಾಕುತ್ತದೆ. ಸಾಮಾನ್ಯವಾಗಿ ರೂಟರ್‌ನೊಳಗೇ ಇರುವ, ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಆ ಕೂಗಿಗೆ ಓಗೊಟ್ಟು, ಖಾಲಿಯಿರುವ ಒಂದು ವಿಳಾಸವನ್ನು ಮುಂದಿಡುತ್ತದೆ. ಲ್ಯಾಪ್‌ಟಾಪ್ ‘ಇದೇ ಇರಲಿ’ ಎಂದು ಮತ್ತೊಮ್ಮೆ ಎಲ್ಲರಿಗೂ ಕೇಳುವಂತೆ ಹೇಳುತ್ತದೆ. ಗುಟ್ಟಾಗಿ ಏಕೆ ಹೇಳುವುದಿಲ್ಲವೆಂದರೆ, ಬೇರೊಂದು ಸರ್ವರ್ ಕೂಡ ವಿಳಾಸ ಮುಂದಿಟ್ಟಿದ್ದರೆ ಅದು ತನ್ನದನ್ನು ಹಿಂದಕ್ಕೆ ಪಡೆಯಬೇಕಲ್ಲ! ಕೊನೆಗೆ ಸರ್ವರ್ ಒಪ್ಪಿಗೆ ಕೊಡುತ್ತದೆ. ಸಬ್‌ನೆಟ್ ಮಾಸ್ಕ್ (ಯಾವ ವಿಳಾಸಗಳು ಇದೇ ಜಾಲದವು ಎಂಬ ಗುರುತು), ಗೇಟ್‌ವೇ (ಹೊರಜಾಲಕ್ಕೆ ಹೋಗುವ ಬಾಗಿಲು), ಡಿಎನ್‌ಎಸ್ ಸರ್ವರ್‌ಗಳ (ಜಾಲತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವವು) ವಿವರವೂ ಇದರೊಂದಿಗೇ ಬರುತ್ತದೆ. ಸಿಕ್ಕಿದ್ದು ಸ್ವಂತದ್ದಲ್ಲ, ಬಾಡಿಗೆಯದು. ಅವಧಿಯ ಅರ್ಧ ಕಳೆಯುತ್ತಲೇ ಸಾಧನ ಅದನ್ನು ನವೀಕರಿಸಲು ಕೇಳುತ್ತದೆ.

ಇದಕ್ಕೂ ಮೊದಲು ವಿಳಾಸ ಹಂಚಲು ಇದ್ದ 1985ರ ಬೂಟ್‌ಪಿ ಪದ್ಧತಿಯಲ್ಲಿ ಯಾವ ಯಂತ್ರಕ್ಕೆ ಯಾವ ವಿಳಾಸ ಎಂಬುದನ್ನು ನಿರ್ವಾಹಕರು ಮೊದಲೇ ಬರೆದಿಡಬೇಕಿತ್ತು. 1993ರಲ್ಲಿ ಬಂದ ಡಿಎಚ್‌ಸಿಪಿ ಈ ಬಾಡಿಗೆಯ ಲೆಕ್ಕವನ್ನು ತಂದಿತು. ಒಬ್ಬರು ಬಿಟ್ಟುಹೋದ ವಿಳಾಸ ಇನ್ನೊಬ್ಬರಿಗೆ ಸಿಗುವುದು ಇದರಿಂದಲೇ.

ನಿಮ್ಮ ಲ್ಯಾಪ್‌ಟಾಪ್‌ನ ಕೂಗಿಗೆ ಉತ್ತರ ಬಂದಿಲ್ಲ. ಆಗ ಅದು 169.254ರ ಸಾಲಿನಲ್ಲಿ ಒಂದು ಸಂಖ್ಯೆಯನ್ನು ಯಾದೃಚ್ಛಿಕವಾಗಿ ಆರಿಸಿ, ಅದನ್ನು ಬೇರೆ ಯಾರೂ ಬಳಸುತ್ತಿಲ್ಲವೆಂದು ವಿಚಾರಿಸಿ, ಇಟ್ಟುಕೊಂಡಿದೆ. ಇಂತಹ ಎರಡು ಯಂತ್ರಗಳು ಒಂದೇ ಜಾಲದಲ್ಲಿದ್ದರೆ ತಮ್ಮತಮ್ಮಲ್ಲಿ ಕಡತ ಹಂಚಿಕೊಳ್ಳಬಲ್ಲವು. ಆದರೆ ಈ ವಿಳಾಸದ ಸಂದೇಶಗಳನ್ನು ರೂಟರ್ ಆಚೆ ದಾಟಿಸುವುದಿಲ್ಲ.

ಮೊದಲು ಅದೇ ವೈಫೈಗೆ ಮೊಬೈಲ್ ಸೇರಿಸಿ ನೋಡಿ. ಅದಕ್ಕೆ ಸರಿಯಾದ ವಿಳಾಸ ಸಿಕ್ಕರೆ, ಲ್ಯಾಪ್‌ಟಾಪ್‌ನಲ್ಲಿ ಆ ಸಂಪರ್ಕವನ್ನು ಅಳಿಸಿ ಮತ್ತೆ ಸೇರಿಕೊಳ್ಳಿ. ಮೊಬೈಲಿಗೂ ಸಿಗದಿದ್ದರೆ ರೂಟರನ್ನು ಆಫ್ ಮಾಡಿ ಮತ್ತೆ ಆನ್ ಮಾಡಿ. ರೂಟರಿನ ವೈಫೈಯನ್ನು ದೂರಕ್ಕೆ ತಲುಪಿಸುವ ಎಕ್ಸ್‌ಟೆಂಡರ್ ಇದ್ದರೆ ನನ್ನ ಮೊದಲ ಅನುಮಾನ ಅದರ ಮೇಲೆಯೇ: ಅದಕ್ಕೂ ರೂಟರಿಗೂ ನಡುವಿನ ಕೊಂಡಿ ಕಡಿದಿದ್ದರೂ ಲ್ಯಾಪ್‌ಟಾಪ್‌ನಲ್ಲಿ ವೈಫೈ ಗುರುತು ತುಂಬಿಕೊಂಡೇ ಕಾಣಬಹುದು. ಹೋಗಿ ಬರುವವರು ಹೆಚ್ಚಿರುವ ಕಡೆ ಹಂಚಲು ಇಟ್ಟ ವಿಳಾಸಗಳೇ ಮುಗಿದಿರುವುದೂ ಉಂಟು. ಆಗ ಬಾಡಿಗೆಯ ಅವಧಿಯನ್ನು ಕಡಿಮೆ ಮಾಡಬೇಕು.

ವಿಳಾಸವನ್ನು ಕೈಯಾರೆ ತುಂಬಿಸಿಬಿಡಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ನಾನು ಒಪ್ಪುವುದಿಲ್ಲ. ಅದೇ ವಿಳಾಸವನ್ನು ಸರ್ವರ್ ನಾಳೆ ಇನ್ನೊಂದು ಸಾಧನಕ್ಕೆ ಕೊಟ್ಟರೆ ಇಬ್ಬರ ಸಂಪರ್ಕವೂ ಕೆಡುತ್ತದೆ. ತುಂಬಿಸಿದ್ದನ್ನು ಮರೆತು ಲ್ಯಾಪ್‌ಟಾಪ್ ಬೇರೆಡೆಗೆ ಒಯ್ದರೆ, ಅಲ್ಲಿ ಎಲ್ಲ ಸರಿಯಿದ್ದರೂ ನಿಮ್ಮದೊಂದೇ ಯಂತ್ರ ಜಾಲದಿಂದ ಹೊರಗೆ ಉಳಿಯಬಹುದು.