ಹಳೇ ಪುಸ್ತಕದ ವಾಸನೆಯಿಂದ ಸೀನು ಬರುತ್ತದಾ?

ಪ್ರಶ್ನೆ: ಲೈಬ್ರರಿಯಲ್ಲಿ ಅರ್ಧ ಗಂಟೆ ಕೂತರೆ ಸಾಕು, ಒಂದೇ ಸಮನೆ ಸೀನು. ಸಂಜೆ ಹೊತ್ತಿಗೆ ತಲೆ ಭಾರ. ಹಳೇ ಪುಸ್ತಕಗಳ ವಾಸನೆಯೇ ಇದಕ್ಕೆ ಕಾರಣವಾ?

ಉತ್ತರ: ಯಾವ ವಾಸನೆ ಅಂತ ಮೊದಲು ನೋಡಿಕೊಳ್ಳಿ. ವೆನಿಲಾದ ಹಾಗೆ ಸ್ವಲ್ಪ ಸಿಹಿಯಾಗಿದ್ದರೆ ಅದು ಕಾಗದದ್ದೇ. ಮರದ ತಿರುಳಿನ ಕಾಗದದಲ್ಲಿರುವ ಸೆಲ್ಯುಲೋಸ್, ಲಿಗ್ನಿನ್ ಎಂಬ ನಾರಿನ ವಸ್ತುಗಳು ವರ್ಷಗಟ್ಟಲೆ ಮೆಲ್ಲಗೆ ಒಡೆಯುತ್ತಾ ಹೋಗುತ್ತವೆ. ಆಗ ವೆನಿಲಿನ್, ಫರ್ಫ್ಯೂರಲ್, ಅಸಿಟಿಕ್ ಆಮ್ಲದಂಥ ಆವಿಗಳು ಹೊರಬರುತ್ತವೆ. ಹಾಳೆ ಹಳದಿಯಾಗಿ ಮುಟ್ಟಿದರೆ ಮುರಿಯುವುದೂ ಕಾಗದ ಹೀಗೆ ಸವೆಯುವುದರಿಂದಲೇ. ನನಗಂತೂ ಆ ವಾಸನೆ ಬಹಳ ಇಷ್ಟ. ಸಾಮಾನ್ಯವಾಗಿ ನಿಮ್ಮ ಸೀನಿಗೆ ಅದು ಕಾರಣವಲ್ಲ. ಅಸಿಟಿಕ್ ಆಮ್ಲದಿಂದ ನಿಜವಾದ ತೊಂದರೆ ಪಕ್ಕದ ಪುಸ್ತಕಗಳಿಗೆ.

ಮುಗ್ಗಲು ವಾಸನೆ ಬಂದರೆ ಮಾತ್ರ ಸುಮ್ನೆ ಬಿಡಬೇಡಿ. ಅಲ್ಲೆಲ್ಲೋ ಬೂಷ್ಟು ಬೆಳೆದಿದೆ ಎಂದರ್ಥ. ಗಾಳಿಯ ತೇವಾಂಶ ಶೇಕಡಾ 65 ದಾಟಿ ಹಾಗೇ ನಿಂತರೆ ಅದಕ್ಕೆ ಹಬ್ಬ. ರಟ್ಟು, ಬಟ್ಟೆ, ಅಂಟು, ಎಲ್ಲವೂ ಅದಕ್ಕೆ ಊಟ. ಒಣಗಿ ಸತ್ತ ಬೂಷ್ಟೂ ಅಲರ್ಜಿ ತರುತ್ತದೆ.

ಇನ್ನು ಧೂಳು. ತುಂಬಾ ದಿನ ಯಾರೂ ಮುಟ್ಟದ ದಪ್ಪ ಪುಸ್ತಕವೊಂದನ್ನು ಕಪಾಟಿನಿಂದ ಎಳೆದು, ಅದರ ಮೇಲಂಚನ್ನು ನೋಡಿ. ಬೂದುಬಣ್ಣದ ಮೆತ್ತನೆಯ ಪದರ ಕಾಣುತ್ತದೆ, ಅಲ್ವಾ? ಬಟ್ಟೆಯ ಎಳೆ, ಉದುರಿದ ಚರ್ಮದ ಚೂರು, ಕಾಗದದ ಪುಡಿ, ಬೂಷ್ಟಿನ ಕಣ, ಎಲ್ಲ ಸೇರಿದ ಪದರವದು. ಪುಸ್ತಕ ತೆರೆದಿರೋ, ಅದು ನೇರ ಮುಖಕ್ಕೆ. ಬಿಸಿಲುಕೋಲಿನಲ್ಲಿ ತೇಲುವ ದಪ್ಪ ಕಣಗಳನ್ನು ಹೆಚ್ಚಾಗಿ ಮೂಗೇ ತಡೆಯುತ್ತದೆ, ಸೀನು ಬರುವುದೂ ಅದಕ್ಕೇ. ಕಣ್ಣಿಗೆ ಕಾಣದ, 2.5 ಮೈಕ್ರಾನಿಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಜೆರಾಕ್ಸ್ ಯಂತ್ರ, ಲೇಸರ್ ಪ್ರಿಂಟರ್‌ಗಳಿಂದ ಇದಕ್ಕಿಂತಲೂ ಸಣ್ಣ ಕಣಗಳು ಬರುತ್ತವೆ, ಕೆಲವದರಿಂದ ಮೂಗು, ಗಂಟಲು ಕೆರಳಿಸುವ ಓಝೋನ್ ಅನಿಲ ಕೂಡ. ಆ ಯಂತ್ರಗಳು ಓದುವ ಕೋಣೆಯಲ್ಲಿ ಇರಲೇಬಾರದು. ಕಣ್ಣು ಉರಿಯುತ್ತಿದ್ದರೆ ಹೊಸ ಪ್ಲೈವುಡ್ ಕಪಾಟುಗಳ ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್ ಅನಿಲ ಇರಬಹುದು.

ತಲೆ ಭಾರಕ್ಕೆ ಬೇರೆಯೇ ಕಾರಣ ಇರಬಹುದು, ಗಾಳಿಯಾಡದ ಕೋಣೆ. ಹೊರಗಿನ ಗಾಳಿಯ 10 ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 420 ಭಾಗ. ಕಿಟಕಿ ಮುಚ್ಚಿದ, ಜನ ತುಂಬಿದ ಕೋಣೆಯಲ್ಲಿ ಅದು ಸುಲಭವಾಗಿ 1000 ದಾಟುತ್ತದೆ. ಅಂದರೆ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ. ಗಂಟೆಗೊಮ್ಮೆ ಎದ್ದು ಹೊರಗೆ ಹೋಗಿ ಬನ್ನಿ.

ಒಂದು ವಾರ ಜಾಗ ಬದಲಿಸಿ ಕೂತು ನೋಡಿ. ಒಂದೇ ಮೂಲೆಯಲ್ಲಿ ಸೀನು ಜಾಸ್ತಿಯಾದರೆ, ಅಲ್ಲಿನ ಗೋಡೆ ತೇವವಾಗಿದೆಯಾ ನೋಡಿ, ಲೈಬ್ರರಿಯವರಿಗೆ ತಿಳಿಸಿ. ಬೂಷ್ಟು ಹಿಡಿದ ಪುಸ್ತಕ ಸಿಕ್ಕರೆ ಊದಬೇಡಿ, ಕೊಡವಬೇಡಿ. ಕವರಿನೊಳಗೆ ಹಾಕಿ ಅವರ ಕೈಗೇ ಕೊಡಿ. ಬರೀ ಕೋಳಿಪುಕ್ಕದ ಕುಂಚ ಆಡಿಸಿದರೆ ಧೂಳು ಇಲ್ಲಿಂದೆದ್ದು ಅಲ್ಲಿ ಕೂರುತ್ತದೆ ಅಷ್ಟೇ. ತೀರಾ ಸಣ್ಣ ಕಣಗಳನ್ನೂ ಹಿಡಿದಿಡುವ ಹೆಪಾ ಫಿಲ್ಟರಿನ ವ್ಯಾಕ್ಯೂಮ್ ಬಳಸಲು ಕೇಳಿಕೊಳ್ಳಿ. ಉಸಿರಾಡುವಾಗ ಸುಂಯ್ ಅನ್ನುವ ಸದ್ದು ಬರುತ್ತಿದ್ದರೆ ಈ ಪ್ರಯೋಗಗಳಿಗೆ ಕಾಯದೆ ಡಾಕ್ಟರರನ್ನು ನೋಡಿ.