ತಲೆಗೆ ಪೆಟ್ಟಾದ ಮೇಲಿನ ತಲೆಸುತ್ತು: ಮನೆಯಲ್ಲೇ ಮಾಡುವ ಕಣ್ಣಿನ ವ್ಯಾಯಾಮ

ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರು, ಮಳೆಯಲ್ಲಿ ಗಿರಿಯ ತಿರುವಿನಲ್ಲಿ ಬೈಕ್ ಜಾರಿ ತಲೆಗೆ ಪೆಟ್ಟು ಮಾಡಿಕೊಂಡವರು ಚಿಕ್ಕಮಗಳೂರಿನ ನಮ್ಮ ಫಿಸಿಯೋಥೆರಪಿ ಕೊಠಡಿಗೆ ಬರುವಾಗ ಹೆಚ್ಚಿನವರ ಕೈಯಲ್ಲಿ ಸಿ.ಟಿ. ಸ್ಕ್ಯಾನ್ ವರದಿ ಇರುತ್ತದೆ. "ಸ್ಕ್ಯಾನ್ ನಾರ್ಮಲ್ ಅಂದ್ರು ಮೇಡಂ, ಆದ್ರೆ ಪಕ್ಕಕ್ಕೆ ತಿರುಗಿದ್ರೆ ಗಿರ್ ಅನ್ನುತ್ತೆ" ಎನ್ನುತ್ತಾರೆ. ರಕ್ತಸ್ರಾವವನ್ನೂ ಮೂಳೆಯ ಬಿರುಕನ್ನೂ ತೋರಿಸುವ ಸ್ಕ್ಯಾನ್, ಕಣ್ಣು ಮತ್ತು ಒಳಗಿವಿಯ ನಡುವಿನ ಹೊಂದಾಣಿಕೆ ಕೆಟ್ಟಿರುವುದನ್ನು ತೋರಿಸಲಾರದು. ಆದ್ದರಿಂದ ಅವರ ತಲೆಸುತ್ತು ಮನಸ್ಸಿನ ಭ್ರಮೆಯಲ್ಲ ಎಂಬುದನ್ನು ಮನೆಯವರು ಮೊದಲು ತಿಳಿಯಬೇಕು.

ನಾವು ತಲೆಯನ್ನು ಬಲಕ್ಕೆ ತಿರುಗಿಸಿದಾಗ ಒಳಗಿವಿಯ ಅರ್ಧವೃತ್ತಾಕಾರದ ನಾಳಗಳು ಆ ಚಲನೆಯನ್ನು ಗ್ರಹಿಸಿ, ಕಣ್ಣುಗಳು ಅಷ್ಟೇ ವೇಗದಲ್ಲಿ ಎಡಕ್ಕೆ ಸರಿಯುವಂತೆ ಮಾಡುತ್ತವೆ. ಹಾಗಾಗಿಯೇ ನಡೆಯುತ್ತಲೂ ಅಂಗಡಿಯ ಬೋರ್ಡನ್ನು ಓದಬಲ್ಲೆವು. ಪೆಟ್ಟಿನಿಂದ ಈ ಲೆಕ್ಕ ತಪ್ಪಿದಾಗ ನೋಟ ಅಲುಗಾಡುತ್ತದೆ, ತಲೆ ಸುತ್ತುತ್ತದೆ. ಸುತ್ತು ಬರುತ್ತದೆಂದು ಹೆದರಿ ಕುತ್ತಿಗೆಯನ್ನು ಬಿಗಿಹಿಡಿದು ಕೂರುವವರಲ್ಲಿ ತೊಂದರೆ ಉಳಿದುಬಿಡುತ್ತದೆ, ಏಕೆಂದರೆ ತಪ್ಪನ್ನು ಅನುಭವಿಸದ ಹೊರತು ಮಿದುಳು ಅದನ್ನು ತಿದ್ದಿಕೊಳ್ಳುವುದಿಲ್ಲ.

ಮೊದಲ ಒಂದೆರಡು ದಿನ ವಿಶ್ರಾಂತಿ ಸಾಕು. ಅನಂತರ, ವೈದ್ಯರು ಪರೀಕ್ಷಿಸಿ ಕುತ್ತಿಗೆಗೆ ಪೆಟ್ಟಾಗಿಲ್ಲವೆಂದು ಖಚಿತಪಡಿಸಿದ ಮೇಲೆ, ಪತ್ರಿಕೆಯ ತಲೆಬರಹದಿಂದ ಒಂದು ದಪ್ಪ ಅಕ್ಷರವನ್ನು ಕತ್ತರಿಸಿ, ಚಿತ್ತಾರವಿಲ್ಲದ ಗೋಡೆಯ ಮೇಲೆ ಕಣ್ಣಿನ ಮಟ್ಟಕ್ಕೆ ಅಂಟಿಸಿ, ಒಂದು ತೋಳಿನಷ್ಟು ದೂರದಲ್ಲಿ ಕುರ್ಚಿ ಹಾಕಿ ಕುಳಿತುಕೊಳ್ಳಿ. ದೃಷ್ಟಿಯನ್ನು ಅಕ್ಷರದಿಂದ ಕದಲಿಸದೆ ತಲೆಯನ್ನು ಮಾತ್ರ 'ಇಲ್ಲ' ಎನ್ನುವಂತೆ ಎಡಬಲಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸಿ. ಅಕ್ಷರ ಮಸುಕಾದರೆ ಅಥವಾ ಕುಣಿದರೆ ವೇಗ ಹೆಚ್ಚಾಯಿತೆಂದು ಅರ್ಥ. 30 ಸೆಕೆಂಡಿನ ನಂತರ ನಿಲ್ಲಿಸಿ, ಸುಧಾರಿಸಿಕೊಂಡು, 'ಹೌದು' ಎನ್ನುವಂತೆ ಮೇಲೆ ಕೆಳಗೆ ಮಾಡಿ.

ಎಷ್ಟು ಮಾಡಬೇಕೆಂಬುದೇ ಇಲ್ಲಿ ಮುಖ್ಯ. ತಲೆಸುತ್ತಿಗೆ ಸೊನ್ನೆಯಿಂದ 10ರವರೆಗೆ ಅಂಕ ಕೊಡಿ. ಆರಂಭಿಸುವಾಗ 2 ಇದ್ದದ್ದು 4ರವರೆಗೆ ಏರಿ, ಕಾಲು ಗಂಟೆಯೊಳಗೆ ಇಳಿದರೆ ಚಿಂತೆಯಿಲ್ಲ, ಮಿದುಳು ಕಲಿಯುತ್ತಿದೆ. ಸಂಜೆಯವರೆಗೂ ಇಳಿಯದಿದ್ದರೆ ಮರುದಿನ ವೇಗವನ್ನೂ ಸಮಯವನ್ನೂ ತಗ್ಗಿಸಿ. ಬೇಗ ಗುಣವಾಗಲೆಂದು ಹಟಕ್ಕೆ ಬಿದ್ದು ಮಾಡುವವರೇ ಹೆಚ್ಚು ಬಳಲುವುದನ್ನು ನಾನು ಕಂಡಿದ್ದೇನೆ. ಕುಳಿತು ಸಲೀಸಾದರೆ ನಿಂತು, ಆಮೇಲೆ ನಡೆಯುತ್ತಾ ಮಾಡಬಹುದು. ಗೆರೆಗೆರೆಯ ಪರದೆಯ ಮುಂದೆ ಮಾಡುವುದು ಇನ್ನೂ ಕಠಿಣವಾದ್ದರಿಂದ ಅದನ್ನು ಕೊನೆಗೆ ಇಟ್ಟುಕೊಳ್ಳಿ. ತಲೆಸುತ್ತಿನ ಮಾತ್ರೆಯನ್ನು ವಾರಗಟ್ಟಲೆ ನುಂಗುವುದರಿಂದ ಈ ಕಲಿಕೆ ನಿಧಾನವಾಗುತ್ತದೆ. ಮಾತ್ರೆ ಎಷ್ಟು ದಿನ ಬೇಕೆಂದು, ಅದನ್ನು ಬರೆದುಕೊಟ್ಟ ವೈದ್ಯರನ್ನೇ ಕೇಳಿ.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಮಾತ್ರ ಕೋಣೆಯೇ ತಿರುಗಿದಂತಾಗಿ ಒಂದು ನಿಮಿಷದೊಳಗೆ ನಿಲ್ಲುವುದಾದರೆ, ಒಳಗಿವಿಯ ಸಣ್ಣ ಹರಳುಗಳು ಜಾಗ ತಪ್ಪಿರುವ ಸಾಧ್ಯತೆಯಿದೆ. ಅದಕ್ಕೆ ಈ ವ್ಯಾಯಾಮವಲ್ಲ, ತಜ್ಞರು ತಲೆಯನ್ನು ಕ್ರಮವಾಗಿ ಹೊರಳಿಸಿ ಮಾಡುವ ಎಪ್ಲಿ ವಿಧಾನ ಬೇಕು. ಹತ್ತು ದಿನ ಕಳೆದರೂ ತಲೆಸುತ್ತು ಬಿಡದಿದ್ದರೆ ಪರೀಕ್ಷೆಗೆ ಬರಲೇಬೇಕು. ಪದೇ ಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಎಚ್ಚರವಾಗದಂಥ ಮಂಪರು, ಮಾತು ತೊದಲುವುದು, ಕೈಕಾಲಿನ ಬಲ ಕುಂದುವುದು, ಫಿಟ್ಸ್, ಇವುಗಳಲ್ಲಿ ಒಂದು ಕಂಡರೂ ವ್ಯಾಯಾಮವನ್ನು ಬಿಟ್ಟು, ರಾತ್ರಿಯಾದರೂ ಸರಿ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಿ.